ಕೆರೆಮಣ್ಣಿನಿಂದ ಪಿಂಗಾಣಿಗೆ

ಹರವೆ ಹೋಬಳಿಯ ಯಾವ ಹೊಲಕ್ಕೆ ಹೋದರೂ ಪಂಪ್‌ಸೆಟ್ಟಿನ ಒಂದು ಸಣ್ಣ ಮನೆ ಸಿಗುತ್ತದೆ. ಒಳಗೆ ಗೋಡೆಗೆ ಹೊಡೆದ ಬೋರ್ಡು. ಅದರಲ್ಲಿ ಮೂರು ಫ್ಯೂಸು. ಫ್ಯೂಸು ಹೋದಾಗ ನೀವು ಕೈಯಲ್ಲಿ ಹಿಡಿದು ಕೀಳುವ ಬಿಳಿಯ ಹಿಡಿ ಪಿಂಗಾಣಿಯದು. ಹೊರಗೆ ಬಂದು ತಲೆ ಎತ್ತಿ ನೋಡಿ. ಕಂಬದ ಮೇಲೆ ತಂತಿಯನ್ನು ಹೊತ್ತು ಕೂತದ್ದೂ ಬಹಳ ಕಡೆ ಪಿಂಗಾಣಿಯೇ. ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಪಿಂಗಾಣಿ ಹೊಕ್ಕಿರದ ಊರಿಲ್ಲ. ಆದರೆ ಈ ಸೀಮೆಯಲ್ಲಿ ತಿಗರಿಯ ಮುಂದೆ ಕೂತು ಪಿಂಗಾಣಿಯ ಬಟ್ಟಲು ಎತ್ತುವ ಕುಂಬಾರನನ್ನು ನಾನು ಕಂಡಿಲ್ಲ.

ಯಾಕೆ ಹೀಗಾಯಿತು? ನಮ್ಮ ನಾಡಿನಲ್ಲಿ ಪಿಂಗಾಣಿ ಮೊದಲು ದೊಡ್ಡ ಪ್ರಮಾಣದಲ್ಲಿ ಬೇಕಾದದ್ದು ಅಡುಗೆಮನೆಗಲ್ಲ, ವಿದ್ಯುತ್ತಿಗೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಶಿವನಸಮುದ್ರ ನಮ್ಮ ಕೊಳ್ಳೇಗಾಲದ ಮಗ್ಗುಲಲ್ಲೇ ಇದೆ. ಅಲ್ಲಿಂದ ಗಣಿಗೆ ಸುಮಾರು 150 ಕಿಲೋಮೀಟರ್. ಅಷ್ಟುದ್ದಕ್ಕೂ ಕಂಬಕ್ಕೆ ತಂತಿ ತಾಗದಂತೆ ಹಿಡಿಯಲು ಪಿಂಗಾಣಿ ಬೇಕಾಯಿತು. ಆಗ ಅದು ಯಂತ್ರಗಳ ಜೊತೆ ಹೊರದೇಶದಿಂದಲೇ ಬರಬೇಕಿತ್ತು. ಮುಂದೆ 1930ರ ದಶಕದಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆಯನ್ನು ತೆರೆಯಿತು. 1970ರ ದಶಕದಲ್ಲಿ ಆ ಕಾರ್ಖಾನೆ ಬಿಎಚ್‌ಇಎಲ್ ಕಂಪನಿಯ ಕೈಗೆ ಹೋಯಿತು. ಅಲ್ಲಿಯೂ ಮುಖ್ಯ ಕೆಲಸ ವಿದ್ಯುತ್ತಿನ ಪಿಂಗಾಣಿಯೇ. ಅಂಥ ಪಿಂಗಾಣಿಯನ್ನು ಯಂತ್ರದಲ್ಲಿ ಒತ್ತಿ, ಅಚ್ಚಿನಲ್ಲಿ ಕೂರಿಸಿ, ಲೇತಿನಲ್ಲಿ ಕಡೆದು ಮಾಡುತ್ತಾರೆ. ಹಳ್ಳಿಯ ತಿಗರಿಗೆ ಅಲ್ಲಿ ಜಾಗ ಸಿಗುವಂತಿರಲಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಪಿಂಗಾಣಿ ನಮ್ಮಲ್ಲಿಗೆ ಕಾರ್ಖಾನೆಯ ಬಾಗಿಲಿನಿಂದ ಬಂತು. ಅದು ಕುಂಬಾರರ ಮನೆ ಬಾಗಿಲಿನಿಂದಲೂ ಬರಬಹುದು. ಆ ದಾರಿ ದೂರದ್ದು, ನಿಜ. ಆದರೆ ಕುಂಬಾರ ಅರ್ಧ ದಾರಿಯನ್ನು ಆಗಲೇ ನಡೆದಿದ್ದಾನೆ. ಉಳಿದರ್ಧ ಹೇಗಿದೆ ಎಂದು ನೋಡೋಣ.

ಮೊದಲು ಮಣ್ಣು.

ನಮ್ಮ ಕುಂಬಾರರು ಕೆರೆಯಂಗಳದಿಂದ ಮಣ್ಣು ತರುತ್ತಾರೆ. ಆ ಮಣ್ಣು ಬಹಳ ಅಲೆದು ಬಂದದ್ದು. ಬೆಟ್ಟದ ಕಲ್ಲು ಬಿಸಿಲಿಗೆ, ಮಳೆಗೆ ಸವೆಯುತ್ತದೆ. ನೀರು ಅದನ್ನು ಹೊಲ ದಾಟಿಸಿ, ಹಳ್ಳ ಹಿಡಿಸಿ ಕೆರೆಗೆ ತಂದು ಬಿಡುತ್ತದೆ. ಬರುವಾಗಲೇ ಅದು ನುಣ್ಣಗಾಗುತ್ತದೆ. ಕಬ್ಬಿಣದ ಅಂಶವನ್ನೂ ಕೊಳೆತ ಎಲೆಯನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನುಣುಪಿನಿಂದ ಜಿಗುಟು ಬಂತು. ಕಬ್ಬಿಣದಿಂದ ಕೆಂಪು ಬಂತು. ಕಡಿಮೆ ಬೆಂಕಿಗೇ ಬೇಯುವ ಗುಣಕ್ಕೂ ಆ ಕಬ್ಬಿಣದ ನೆರವಿದೆ. ಅದೇ ಮಣ್ಣಿಗೆ ಬೆಂಕಿ ಮಿತಿ ಮೀರಿದರೆ ಉಬ್ಬಿ, ಸೊಟ್ಟಗಾಗಿ, ಕುಸಿದು ಕೂರುತ್ತದೆ.

ಪಿಂಗಾಣಿಗೆ ಬೇಕಾದ್ದು ಬಿಳಿ ಜೇಡಿ. ಚೀನೀ ಮಣ್ಣು ಎಂದೂ ಕರೆಯುತ್ತಾರೆ. ಇದು ಹೆಚ್ಚಾಗಿ ಹುಟ್ಟಿದ ಜಾಗದಲ್ಲೇ ಉಳಿದ ಮಣ್ಣು. ನಮ್ಮ ಬಂಡೆಗಳಲ್ಲಿ ಬಿಳಿಯಾಗಿಯೋ ನಸುಗೆಂಪಾಗಿಯೋ ಕಾಣುವ ಭಾಗವೊಂದಿದೆ. ಅದರ ಹೆಸರು ಫೆಲ್ಡ್‌ಸ್ಪಾರ್. ಲಕ್ಷಾಂತರ ವರ್ಷ ನೀರು ಕುಡಿದು ಆ ಫೆಲ್ಡ್‌ಸ್ಪಾರೇ ಬಿಳಿ ಜೇಡಿಯಾಗುತ್ತದೆ. ಅಲೆದಾಟವಿಲ್ಲ, ಆದ್ದರಿಂದ ಬೆರಕೆ ಕಡಿಮೆ. ಕಬ್ಬಿಣ ಕಡಿಮೆ, ಆದ್ದರಿಂದ ಬೆಂದ ಮೇಲೂ ಬಿಳಿ. ಆದರೆ ಅದರ ಕಣಗಳು ಕೆರೆಮಣ್ಣಿನಷ್ಟು ಸಣ್ಣವಲ್ಲ. ಹಾಗಾಗಿ ಜಿಗುಟೂ ಕಡಿಮೆ. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಬಾಗೇಶಪುರದ ಬಿಳಿ ಜೇಡಿ ಹಿಂದಿನಿಂದಲೂ ಹೆಸರಾದದ್ದು. ಕೇರಳದಲ್ಲಿ ಕೊಲ್ಲಂ ಹತ್ತಿರದ ಕುಂಡರದಲ್ಲೂ ಒಳ್ಳೆಯ ಬಿಳಿ ಜೇಡಿ ಸಿಗುತ್ತದೆ.

ಇಲ್ಲಿ ನಿಮಗೊಂದು ಪ್ರಶ್ನೆ ಏಳಬಹುದು. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೆ ಹೋಗುತ್ತದಲ್ಲ, ಅದರ ಪುಡಿ ಪಿಂಗಾಣಿಗೆ ಬರುವುದಿಲ್ಲವೇ? ಬರುವುದಿಲ್ಲ. ಅದರಲ್ಲಿ ಕಬ್ಬಿಣ ಹೆಚ್ಚು. ಪಿಂಗಾಣಿಗೆ ಬೇಕಾದ್ದು ಬಿಳಿ ಬೆಣಚುಕಲ್ಲು, ಬಿಳಿ ಫೆಲ್ಡ್‌ಸ್ಪಾರ್. ಹಳೆಯ ಲೆಕ್ಕ ಬಹಳ ಸರಳ. ಅರ್ಧ, ಕಾಲು, ಕಾಲು. ಬಿಳಿ ಜೇಡಿ ಅರ್ಧ, ಫೆಲ್ಡ್‌ಸ್ಪಾರಿನ ಪುಡಿ ಕಾಲು, ಬೆಣಚುಕಲ್ಲಿನ ಪುಡಿ ಕಾಲು. ತಿಗರಿಯ ಮೇಲೆ ಎತ್ತುವುದಾದರೆ ನೂರಕ್ಕೆ ಎರಡು ಮೂರು ಪಾಲು ಬೆಂಟೊನೈಟ್ ಎಂಬ ಬಹು ಜಿಗುಟಾದ ಜೇಡಿಯನ್ನೂ ಸೇರಿಸುವುದುಂಟು.

ಹೀಗೆ ಪಿಂಗಾಣಿಯ ಮಣ್ಣನ್ನು ನಾವೇ ಕೂಡಿಸಿ ಮಾಡಬೇಕು. ಇದು ಕುಂಬಾರನಿಗೆ ಹೊಸ ಮಾತೇ? ಅಲ್ಲ. ಯಾವ ಕೆರೆಯ ಮಣ್ಣಿಗೆ ಎಷ್ಟು ಮರಳು ಹಾಕಬೇಕು, ಬೂದಿ ಬೇಕೋ ಬೇಡವೋ, ಎರಡು ಕಡೆಯ ಮಣ್ಣನ್ನು ಹೇಗೆ ಬೆರೆಸಬೇಕು, ಇದೆಲ್ಲ ಅವನಿಗೆ ಗೊತ್ತು. ಅವನು ಬೆರಳಲ್ಲಿ ಅಳೆಯುತ್ತಿದ್ದದ್ದನ್ನು ಇಲ್ಲಿ ತಕ್ಕಡಿಯಲ್ಲಿ ತೂಗಬೇಕು. ವ್ಯತ್ಯಾಸ ಇಷ್ಟೇ.

ಈ ತೂಗುವ ಕೆಲಸದಲ್ಲಿ ಒಂದು ಎಚ್ಚರ ಬೇಕು. ದಯವಿಟ್ಟು ಗಮನವಿಟ್ಟು ಕೇಳಿ. ಬೆಣಚುಕಲ್ಲಿನ ಹಿಟ್ಟು ಗಾಳಿಯಲ್ಲಿ ಹಾರಿ ಉಸಿರಿಗೆ ಸೇರಿದರೆ ಶ್ವಾಸಕೋಶ ಕೆಡುತ್ತದೆ. ಆ ಕಾಯಿಲೆಯ ಹೆಸರು ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಕಲ್ಲಿನ ಕ್ವಾರಿಯಲ್ಲಿ ದುಡಿದವರಿರುವ ನಮ್ಮ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುಡಿ ತೂಗುವಾಗ ಒಳ್ಳೆಯ ಮುಖಗವಸು ಇರಲಿ. ನೆಲವನ್ನು ಒಣಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಮಣ್ಣಿನ ವಿಚಾರ ಹೇಳಿದ್ದಾಯಿತು. ಕೆರೆಮಣ್ಣು ಅಲೆದು ಬಂದದ್ದು, ಜಿಗುಟು. ಪಿಂಗಾಣಿಯದು ಕೂಡಿಸಿದ ಮಣ್ಣು, ಜಿಗುಟು ಕಡಿಮೆ. ಇದನ್ನು ನೆನಪಿಟ್ಟುಕೊಂಡು ತಿಗರಿಯ ಹತ್ತಿರ ಬನ್ನಿ.

ನಮ್ಮ ಹಳ್ಳಿಯ ಮಡಕೆ ಪೂರ್ತಿಯಾಗಿ ತಿಗರಿಯ ಮೇಲೆ ಹುಟ್ಟುವುದಿಲ್ಲ. ನೋಡದವರಿಗೆ ಇದು ಗೊತ್ತಿರಲಿಕ್ಕಿಲ್ಲ. ತಿಗರಿಯ ಮೇಲೆ ಬಾಯಿ, ಕಂಠ, ಹೆಗಲು ಏಳುತ್ತವೆ. ಹೊಟ್ಟೆ, ತಳ ದಪ್ಪವಾಗಿಯೇ ಉಳಿದಿರುತ್ತವೆ. ಸ್ವಲ್ಪ ಆರಿದ ಮೇಲೆ ಒಳಗೆ ಒಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸುತ್ತಾರೆ. ಗುಂಡುತಳದ ತೆಳುವಾದ ಮಡಕೆ ಈ ತಟ್ಟುವಿಕೆಯಿಂದ ಬರುತ್ತದೆ. ಕುಂಬಾರನ ಅರ್ಧ ವಿದ್ಯೆ ತಿಗರಿಯಲ್ಲಿದ್ದರೆ ಇನ್ನರ್ಧ ಆ ಹಲಗೆಯಲ್ಲಿದೆ.

ಪಿಂಗಾಣಿಯ ಮಣ್ಣು ತಟ್ಟಿಸಿಕೊಳ್ಳುವುದಿಲ್ಲ. ಗೋಧಿ ಹಿಟ್ಟಿಗೂ ರಾಗಿ ಹಿಟ್ಟಿಗೂ ಇರುವ ವ್ಯತ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಗೋಧಿ ಹಿಟ್ಟು ಎಳೆದರೆ ಹಿಗ್ಗುತ್ತದೆ. ರಾಗಿ ಹಿಟ್ಟು ಎಳೆದರೆ ಬಿರಿಯುತ್ತದೆ. ಪಿಂಗಾಣಿಯ ಮಣ್ಣು ರಾಗಿಯ ಜಾತಿಯದು. ಹಲಗೆಯಲ್ಲಿ ತಟ್ಟಿದರೆ ಅಂಚಿನಲ್ಲಿ ಸೀಳು ಬಿಡುತ್ತದೆ. ಹಾಗಾಗಿ ತೆಳುಮಾಡುವ ದಾರಿಯೇ ಬೇರೆ. ಬಟ್ಟಲನ್ನು ಮೊದಲು ದಪ್ಪವಾಗಿ ಎತ್ತಬೇಕು. ಮುಟ್ಟಿದರೆ ಅಂಟದಷ್ಟು, ಒತ್ತಿದರೆ ಬಾಗದಷ್ಟು ಆರಿಸಬೇಕು. ಆಮೇಲೆ ಅದನ್ನು ತಿಗರಿಯ ಮೇಲೆ ಬೋರಲು ಕೂರಿಸಿ, ಹರಿತವಾದ ಉಳಿಯಿಂದ ಹೆರೆದು ತೆಗೆಯಬೇಕು. ಇಲ್ಲಿ ಕುಂಬಾರ ಮಣ್ಣನ್ನು ಹಿಗ್ಗಿಸುವುದನ್ನು ಬಿಟ್ಟು ಕಳೆಯುವುದನ್ನು ಕಲಿಯಬೇಕು. ನನ್ನ ಎಣಿಕೆಯಲ್ಲಿ ಈ ದಾರಿಯ ಅತಿ ಕಷ್ಟದ ತಿರುವು ಇದು. ಹತ್ತಿಪ್ಪತ್ತು ವರ್ಷ ಪಳಗಿದ ಕೈಗೆ ಹಳೆಯ ಅಭ್ಯಾಸ ಬಿಡುವುದು ಹೊಸದನ್ನು ಕಲಿಯುವುದಕ್ಕಿಂತ ಕಷ್ಟ.

ನೀರಿನ ಲೆಕ್ಕವೂ ಬೇರೆ. ಪಿಂಗಾಣಿಯ ಮಣ್ಣು ನೀರು ಕುಡಿದು ಬೇಗ ಸೋಲುತ್ತದೆ. ಕೈ ತೇವ ಇದ್ದರೆ ಸಾಕು. ಹತ್ತು ಸಲ ಸವರುವುದನ್ನು ಮೂರು ಸಲದಲ್ಲಿ ಮುಗಿಸಬೇಕು. ಇನ್ನೊಂದು ವಿಚಿತ್ರವಿದೆ. ಈ ಮಣ್ಣು ತನಗೆ ಆದ ಪೆಟ್ಟನ್ನು ಮರೆಯುವುದಿಲ್ಲ. ಹಸಿ ಬಟ್ಟಲಿನ ಬಾಯಿ ಕೈ ತಾಗಿ ಸೊಟ್ಟಗಾಯಿತೆನ್ನಿ. ತಿದ್ದಿ ದುಂಡಗೆ ಮಾಡುತ್ತೀರಿ. ಕಣ್ಣಿಗೆ ಸರಿಯಾಗಿಯೇ ಇರುತ್ತದೆ. ಬೆಂಕಿಗೆ ಹೋಗಿ ಬಂದಾಗ ಅದೇ ಜಾಗ ಮತ್ತೆ ಸೊಟ್ಟಗಾಗಿರುತ್ತದೆ. ತಿಗರಿಯ ಮೇಲೆ ಎತ್ತಿದ ಹೂಜಿಯ ಮೂತಿಯನ್ನು ನೇರವಾಗಿ ಅಂಟಿಸಿದರೂ ಬೇಯುವಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ಪಳಗಿದವರು ಎಷ್ಟು ತಿರುಗೀತೆಂದು ಮೊದಲೇ ಊಹಿಸಿ ಅಷ್ಟು ಓರೆಯಾಗಿ ಅಂಟಿಸುತ್ತಾರೆ.

ನಮ್ಮ ಹಳೆಯ ತಿಗರಿಯಲ್ಲಿ ಇದೆಲ್ಲ ಆದೀತೇ ಎಂದು ಕೇಳುವವರಿದ್ದಾರೆ. ಅವರಿಗೆ ಚೀನಾದ ಜಿಂಗ್‌ಡೆಜೆನ್ ಪಟ್ಟಣದ ವಿಷಯ ಹೇಳಬೇಕು. ಲೋಕದ ಪಿಂಗಾಣಿಯ ತವರು ಅದು. ಅಲ್ಲಿಯ ಹಳೆಯ ಪದ್ಧತಿಯ ತಿಗರಿಯೂ ನೆಲಮಟ್ಟದಲ್ಲಿ ಕೂತ ಭಾರದ ಚಕ್ರ. ಅದನ್ನೂ ಕೋಲು ಹಾಕಿಯೇ ತಿರುಗಿಸುತ್ತಿದ್ದರು. ಅರಸರ ಅರಮನೆಗೆ ಹೋದ ಬಟ್ಟಲುಗಳು ಹಾಗೆ ಕೋಲಿನಿಂದ ತಿರುಗಿದ ಚಕ್ರದ ಮೇಲೆ ಎದ್ದವು. ಅಲ್ಲಿಯೂ ಎತ್ತುವವನು ದಪ್ಪವಾಗಿ ಎತ್ತಿ ಕೊಡುತ್ತಿದ್ದ, ಹೆರೆದು ತೆಳುಮಾಡುವವನು ಬೇರೆ. 1712ರಲ್ಲಿ ಅಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರ್‌ಕೋಲ್ ತನ್ನ ಪತ್ರದಲ್ಲಿ, ಒಂದು ಪಿಂಗಾಣಿ ಪಾತ್ರೆ ಸುಮಾರು 70 ಜನರ ಕೈ ದಾಟುತ್ತದೆ ಎಂದು ಬರೆದಿದ್ದಾನೆ.

ಈ ಮಾತು ನಮಗೆ ಎರಡು ಕಾರಣಕ್ಕೆ ಮುಖ್ಯ. ಒಂದು, ಕೋಲಿನ ತಿಗರಿ ಪಿಂಗಾಣಿಗೆ ಅಡ್ಡಿಯಲ್ಲ. ವಿದ್ಯುತ್ ತಿಗರಿ ಇದ್ದರೆ ಸೊಂಟಕ್ಕೆ ಸುಖ, ವೇಗ ಒಂದೇ ಸಮ. ಅದು ಅನುಕೂಲ ಅಷ್ಟೇ. ಇನ್ನೊಂದು, ಪಿಂಗಾಣಿ ಒಬ್ಬನೇ ಮಾಡಿ ಮುಗಿಸುವ ಕೆಲಸವಲ್ಲ. ಕುಂಬಾರಿಕೆ ನಮ್ಮಲ್ಲಿ ಮೊದಲಿನಿಂದಲೂ ಮನೆಮಂದಿಯ ಕೆಲಸ. ಹೆಂಗಸರು ಮಣ್ಣು ತುಳಿದಿದ್ದಾರೆ, ಹೊತ್ತಿದ್ದಾರೆ, ಆವಿಗೆ ಒಟ್ಟಿದ್ದಾರೆ. ಬಹಳ ಮನೆಗಳಲ್ಲಿ ತಿಗರಿಯನ್ನು ಮಾತ್ರ ಅವರಿಗೆ ಬಿಟ್ಟುಕೊಟ್ಟಿಲ್ಲ. ಕೋಲು ಹಾಕಿ ಭಾರದ ಚಕ್ರ ತಿರುಗಿಸುವ ಕಾಲದ ನೆವ ಈಗ ಉಳಿದಿಲ್ಲ. ಎತ್ತುವುದನ್ನೂ ಹೆರೆಯುವುದನ್ನೂ ಅವರಿಗೆ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿಯವರೆಗೆ ಮಣ್ಣು ಕೂಡಿಸಿದೆವು, ಬಟ್ಟಲು ಎತ್ತಿದೆವು, ಹೆರೆದೆವು. ಬೆಂಕಿಗೆ ಹೋಗುವ ಮೊದಲು ಚೊಕ್ಕಟದ ಒಂದು ಮಾತು. ಕುಂಬಾರರ ಅಂಗಳದ ತುಂಬ ಕೆಂಪು ಧೂಳು. ಅದರ ಒಂದು ಕಣ ಬಿಳಿ ಬಟ್ಟಲಿಗೆ ಅಂಟಿದರೂ ಬೆಂದ ಮೇಲೆ ಕಂದು ಚುಕ್ಕೆಯಾಗಿ ಕೂರುತ್ತದೆ. ಉಜ್ಜಿದರೆ ಹೋಗದು. ಆದ್ದರಿಂದ ಬಿಳಿ ಮಣ್ಣಿಗೆ ಬೇರೆ ಕೋಣೆ, ಬೇರೆ ಬಟ್ಟೆ, ಬೇರೆ ನೀರು ಬೇಕು. ಸಾಧ್ಯವಾದರೆ ತಿಗರಿಯೂ ಬೇರೆಯೇ ಇರಲಿ. ಹೊಸದಾಗಿ ಶುರುಮಾಡುವವರು ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಒಂದು ಚೊಕ್ಕಟ ಕೋಣೆಗೆ ಹಾಕಲಿ.

ಈಗ ಬೆಂಕಿ.

ಹಳ್ಳಿಯ ಆವಿಗೆಯಲ್ಲಿ ಹುಲ್ಲು, ಬೆರಣಿ, ಸೌದೆ ಉರಿಯುತ್ತವೆ. ಶಾಖ 700ರಿಂದ 900 ಡಿಗ್ರಿಯ ಆಸುಪಾಸು. ಮಡಕೆಗೆ ಅಷ್ಟು ಸಾಕು. ಅದರ ಮೈಯಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ಆ ರಂಧ್ರದಿಂದ ನೀರು ಜಿನುಗಿ ಆರುವುದರಿಂದಲೇ ಬೇಸಿಗೆಯಲ್ಲಿ ಮಡಕೆಯ ನೀರು ತಂಪು. ಪಿಂಗಾಣಿಗೆ ಬೇಕಾದ್ದು ಸುಮಾರು 1300 ಡಿಗ್ರಿ. ಆ ಶಾಖದಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಾಗುತ್ತದೆ. ಗಾಜು ರಂಧ್ರಗಳನ್ನೆಲ್ಲ ತುಂಬುತ್ತದೆ. ಬಿಳಿ ಜೇಡಿಯಿಂದ ಮುಲೈಟ್ ಎಂಬ ಸೂಜಿಯಂಥ ಹರಳುಗಳು ಹುಟ್ಟಿ ಆ ಗಾಜಿನೊಳಗೆ ಹೆಣೆದುಕೊಳ್ಳುತ್ತವೆ. ಪಿಂಗಾಣಿಯ ಗಟ್ಟಿತನ, ಬಡಿದರೆ ಬರುವ ನಾದ, ತೆಳುಭಾಗದಲ್ಲಿ ಬೆಳಕು ಹಾಯುವ ಗುಣ ಎಲ್ಲವೂ ಇದರ ಫಲ. ಬಟ್ಟಲು ಹೆಚ್ಚಾಗಿ ಕುಗ್ಗುವುದೂ ಈಗಲೇ. ಹಸಿಯಲ್ಲಿ 100 ಮಿಲಿಮೀಟರ್ ಅಗಲ ಇದ್ದದ್ದು ಬೆಂದು ಬಂದಾಗ ಸುಮಾರು 85 ಆಗಿರುತ್ತದೆ.

ಈ ಬೆಂಕಿಯನ್ನು ಮುಟ್ಟಲು ಯೂರೋಪಿಗೇ ಬಹಳ ಕಾಲ ಹಿಡಿಯಿತು. ಅಲ್ಲಿಯೂ ತಿಗರಿ ಇತ್ತು, ಒಳ್ಳೆಯ ಕುಂಬಾರರಿದ್ದರು. ಸರಿಯಾದ ಬಿಳಿ ಮಣ್ಣನ್ನೂ ಸಾಕಷ್ಟು ಶಾಖವನ್ನೂ ಒಟ್ಟಿಗೆ ತರಲು ಆಗಿರಲಿಲ್ಲ. ಜರ್ಮನಿಯಲ್ಲಿ ಬಟ್ಗರ್ ಮತ್ತು ಚಿರ್ನ್‌ಹೌಸ್ ಎಂಬುವರು ಅದನ್ನು ಸಾಧಿಸಿದ್ದು 1708ರ ಹೊತ್ತಿಗೆ. 1710ರಲ್ಲಿ ಮೈಸನ್ ಕಾರ್ಖಾನೆ ಶುರುವಾಯಿತು.

ನಮ್ಮ ಕುಂಬಾರನಿಗೆ ಬೆಂಕಿಯ ವಿದ್ಯೆ ಇಲ್ಲವೆಂದು ಯಾರೂ ತಿಳಿಯಬಾರದು. ಬಿಸಿ ಎಷ್ಟಿದೆ ಎಂದು ಕೆಂಡದ ಬಣ್ಣ ನೋಡಿ ಹೇಳುತ್ತಾನೆ. ಆವಿಗೆಗೆ ಗಾಳಿ ಬಿಟ್ಟರೆ ಮಡಕೆ ಕೆಂಪು, ಗಾಳಿ ಮುಚ್ಚಿ ಹೊಗೆ ಕೂಡಿಹಾಕಿದರೆ ಕಪ್ಪು. ಇದು ಬಹಳ ಹಳೆಯ ವಿದ್ಯೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಒಂದೇ ಪಾತ್ರೆಯಲ್ಲಿ ಕಪ್ಪೂ ಕೆಂಪೂ ಇರುವ ಮಣ್ಣಿನ ಸಾಮಾನುಗಳು ಸಿಕ್ಕವು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನವರು ಗಾಳಿಯನ್ನು ಹಿಡಿದು, ಬಿಟ್ಟು ಬಣ್ಣ ತರುತ್ತಿದ್ದರು. ಪಿಂಗಾಣಿಯಲ್ಲೂ ಇದೇ ನಡೆಯುತ್ತದೆ. ಅದನ್ನು ಸುಡುವ ಗೂಡಿಗೆ ಗಾಳಿ ಧಾರಾಳವಾಗಿದ್ದರೆ ಬಟ್ಟಲು ಕೆನೆಬಣ್ಣಕ್ಕೆ ತಿರುಗುತ್ತದೆ. ಗಾಳಿ ಕಡಿಮೆ ಮಾಡಿದರೆ ನಸುನೀಲಿ ಛಾಯೆಯ ಬಿಳಿ ಬರುತ್ತದೆ. ಒಂದು ಎಚ್ಚರ ಮಾತ್ರ. 1300 ಡಿಗ್ರಿಯ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದು. ಕಪ್ಪು ಗಾಜಿನ ಕನ್ನಡಕ ಬೇಕು. ಶಾಖ ತಿಳಿಯಲು ಗೂಡಿನೊಳಗೆ ಇಡುವ ಸಣ್ಣ ಮಣ್ಣಿನ ಶಂಕುಗಳಿವೆ. ಇಂತಿಷ್ಟು ಶಾಖಕ್ಕೆ ಇಂಥ ಶಂಕು ಬಾಗುತ್ತದೆ.

ಹಾಗಾದರೆ ಗೂಡು ಯಾವುದು? ನಮ್ಮ ಸೀಮೆಯ ನಿಜವಾದ ತೊಡಕು ಇಲ್ಲಿದೆ. ಬಂಡೀಪುರದ ಕಾಡು ಮಗ್ಗುಲಲ್ಲಿದೆ. 1300 ಡಿಗ್ರಿಗೆ ಸೌದೆ ಸುಡುವುದೆಂದರೆ ರಾಶಿಗಟ್ಟಲೆ ಮರ. ಅದು ಬೇಡವೇ ಬೇಡ. ವಿದ್ಯುತ್ ಗೂಡಿಗೆ ಮೂರು ಫೇಸ್ ವಿದ್ಯುತ್ತು ಹತ್ತು ಹನ್ನೆರಡು ಗಂಟೆ ತಡೆಯಿಲ್ಲದೆ ಬೇಕು. ಹೊಲದ ಲೈನಿನಲ್ಲಿ ಅದು ದಿನಕ್ಕೆ ಕೆಲವೇ ಗಂಟೆ ಬರುವುದನ್ನು ನೀವೇ ಬಲ್ಲಿರಿ. ಉಳಿದದ್ದು ಗ್ಯಾಸಿನ ಗೂಡು. ಒಂದು ಮನೆಗೆ ಅದರ ಖರ್ಚು ಭಾರ. ಹತ್ತು ಮನೆ ಕೂಡಿದರೆ ಭಾರವಲ್ಲ. ಒಂದು ಸಹಕಾರ ಸಂಘ, ಒಂದು ಗೂಡು, ಸರದಿಯ ಮೇಲೆ ಎಲ್ಲರ ಸಾಮಾನು. ಡೇರಿಗೆ ಹಾಲು ಹಾಕಿ ಸಂಘ ನಡೆಸಿ ಗೊತ್ತಿರುವ ಊರುಗಳಿಗೆ ಇದು ಆಗದ ಕೆಲಸವೇ?

ಮಣ್ಣು, ತಿಗರಿ, ಬೆಂಕಿ ಮೂರೂ ಆದವು. ಕೊನೆಯದಾಗಿ, ಹೊರಟವರು ಮೊದಲ ಹೆಜ್ಜೆಯನ್ನು ಎಲ್ಲಿ ಇಡಬೇಕು?

ಕೆರೆಮಣ್ಣಿನಿಂದ ನೇರವಾಗಿ ಪಿಂಗಾಣಿಗೆ ಹಾರಬೇಡಿ ಎಂದೇ ನಾನು ಹೇಳುವುದು. ನಡುವೆ ಒಂದು ಮೆಟ್ಟಿಲಿದೆ. ನಿಮ್ಮ ಮನೆಯ ಉಪ್ಪಿನಕಾಯಿ ಜಾಡಿ ಆ ಮೆಟ್ಟಿಲಿನದು. ಅದನ್ನು ಪಿಂಗಾಣಿ ಜಾಡಿ ಎನ್ನುತ್ತೇವೆ. ಕಸುಬಿನವರು ಅದನ್ನು ಸ್ಟೋನ್‌ವೇರ್ ಎನ್ನುತ್ತಾರೆ. ಅದರ ಮಣ್ಣು ಪೂರ್ತಿ ಬಿಳಿಯಲ್ಲ, ಜಿಗುಟು ಚೆನ್ನಾಗಿದೆ, ಸುಮಾರು 1200 ಡಿಗ್ರಿಗೆ ಬೆಂದು ಗಟ್ಟಿಯಾಗುತ್ತದೆ. ಉಪ್ಪೂ ಹುಳಿಯೂ ಅದರ ಮೈಯೊಳಗೆ ಇಳಿಯುವುದಿಲ್ಲ. ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಿಂದ ಈ ಸ್ಟೋನ್‌ವೇರನ್ನೇ ಮಾಡಿದರು, ಕಲಿಸಿದರು. ಅಲ್ಲಿ ಕಲಿತವರು ದೇಶದ ನಾನಾ ಕಡೆ ತಮ್ಮದೇ ತಿಗರಿ ಹೂಡಿದ್ದಾರೆ. ಎತ್ತುವುದು, ಹೆರೆಯುವುದು, ಮೆರುಗು ಹಚ್ಚುವುದು, ದೊಡ್ಡ ಬೆಂಕಿ ನಡೆಸುವುದು ಎಲ್ಲವನ್ನೂ ಈ ಮೆಟ್ಟಿಲಿನ ಮೇಲೆ ನಿಂತು ಕಲಿಯಬಹುದು. ಕೈ ಕುದುರಿದ ಮೇಲೆ ಬಿಳಿ ಮಣ್ಣು.

ಮೆರುಗಿನ ಲೆಕ್ಕವನ್ನೂ ಬರೆದುಕೊಳ್ಳಿ. ನಾಲ್ಕು, ಮೂರು, ಎರಡು, ಒಂದು. ಫೆಲ್ಡ್‌ಸ್ಪಾರ್ ನಾಲ್ಕು ಪಾಲು, ಬೆಣಚುಕಲ್ಲಿನ ಹಿಟ್ಟು ಮೂರು, ಸುಣ್ಣದ ಕಲ್ಲಿನ ಪುಡಿ ಎರಡು, ಬಿಳಿ ಜೇಡಿ ಒಂದು. ನೀರಲ್ಲಿ ಕಲಸಿ, ಒಮ್ಮೆ ಹದವಾಗಿ ಸುಟ್ಟ ಬಟ್ಟಲನ್ನು ಅದರಲ್ಲಿ ಅದ್ದಿ ತೆಗೆಯುವುದು. ತಳದ ಅಂಚನ್ನು ಒರೆಸಿಬಿಡಬೇಕು. ಇಲ್ಲವಾದರೆ ಬಟ್ಟಲು ಗೂಡಿನ ಹಲಗೆಗೆ ಅಂಟಿ ಕೂರುತ್ತದೆ.

ಕಲಿಯಲು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಅದೇ ಆಯೋಗ 2018ರಲ್ಲಿ ಕುಂಬಾರರಿಗಾಗಿ ಒಂದು ಯೋಜನೆ ಆರಂಭಿಸಿ ವಿದ್ಯುತ್ ತಿಗರಿಗಳನ್ನು ಹಂಚಿತು, ತರಬೇತಿ ಕೊಟ್ಟಿತು. ಹರವೆಯಿಂದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಹೋಗಿ ಬಂದರೂ ಕೆಲಸ ಶುರುವಾಗುತ್ತದೆ.

ಏನನ್ನು ಮಾಡಬೇಕು ಎಂಬುದನ್ನೂ ಯೋಚಿಸಿ. ಉತ್ತರ ಪ್ರದೇಶದ ಖುರ್ಜಾದಿಂದ ಅಗ್ಗದ ಚಹಾ ಕಪ್ಪುಗಳು ರಾಶಿ ರಾಶಿಯಾಗಿ ಬರುತ್ತವೆ. ಅವುಗಳ ಜೊತೆ ಬೆಲೆಯಲ್ಲಿ ಜಗ್ಗಾಡುವುದು ಬೇಡ. ಮುಚ್ಚಳವಿರುವ ಮೊಸರಿನ ಬಟ್ಟಲು, ತುಪ್ಪದ ಗಿಂಡಿ, ಊಟದ ಎಲೆಯ ಪಕ್ಕ ಇಡುವ ಉಪ್ಪಿನಕಾಯಿ ತಟ್ಟೆ, ದೇವರ ಮನೆಯ ದೀಪ. ಇಂಥವನ್ನು ಕೈಯಲ್ಲಿ ಮಾಡಿ, ತಳದಲ್ಲಿ ಊರಿನ ಹೆಸರು ಒತ್ತಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ, ಬಂಡೀಪುರಕ್ಕೆ ಬರುವ ಬಹಳ ಜನ ಗುಂಡ್ಲುಪೇಟೆ ದಾಟಿಯೇ ಹೋಗುತ್ತಾರೆ.

ಮೊದಲ ಗೂಡಿನಿಂದ ಬಂದ ಬಟ್ಟಲು ನಿಜಕ್ಕೂ ಪಿಂಗಾಣಿಯಾಗಿದೆಯೇ ಎಂದು ನೋಡಲು ದೊಡ್ಡ ಪ್ರಯೋಗಶಾಲೆ ಬೇಡ. ಸೀಳಿದ ಒಂದು ಬಟ್ಟಲನ್ನು ಒಡೆಯಿರಿ. ಒಡೆದ ಅಂಚಿಗೆ ಶಾಯಿಯ ಒಂದು ಹನಿ ಬಿಡಿ. ಸ್ವಲ್ಪ ಹೊತ್ತಿನ ಮೇಲೆ ನೀರಲ್ಲಿ ತೊಳೆಯಿರಿ. ಶಾಯಿ ಹರಡಿ ಕಲೆ ಉಳಿದರೆ ಇನ್ನೂ ಬೆಂದಿಲ್ಲ, ಬೆಂಕಿ ಏರಬೇಕು. ಬಟ್ಟಲುಗಳ ಬಾಯಿ ಬಾಗಿ ತಳ ಜೋತಿದ್ದರೆ ಬೆಂಕಿ ಹೆಚ್ಚಾಯಿತು, ಇಳಿಸಬೇಕು. ಅಂಚಿನ ಶಾಯಿ ತೊಳೆದುಹೋಗಿ, ಬಾಯಿ ದುಂಡಗೆ ಉಳಿದಿದ್ದರೆ ಆ ದಿನದ ಶಂಕು ಯಾವುದು, ಗಾಳಿ ಎಷ್ಟು, ಎಷ್ಟು ಗಂಟೆ ಉರಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಗೂಡನ್ನು ಅದೇ ಲೆಕ್ಕಕ್ಕೆ ನಡೆಸಿ.